ಘಟ್ಟದ ಕೆಳಗಿನ ನಮ್ಮ ಬಂದರು



ಈ ಭಾಷಣವನ್ನು ಕೇಳುವಾಗ ಕರ್ನಾಟಕದ ಭೂಪಟವೊಂದು ನಿಮ್ಮ ಎದುರಿಗಿದ್ದರೆ ಒಳ್ಳೆಯದು. ಶಿವಮೊಗ್ಗದಲ್ಲಿರುವವರು ತುಂಗೆಯ ಮೇಲೆ ಬೆರಳಿಟ್ಟು ಹೊಳೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ತೀರ್ಥಹಳ್ಳಿ, ಶೃಂಗೇರಿ, ಆಮೇಲೆ ಬರೀ ಕಾಡು. ಭದ್ರಾವತಿಯವರು ಭದ್ರೆಯ ಜಾಡು ಹಿಡಿಯಿರಿ. ಲಕ್ಕವಳ್ಳಿಯ ಅಣೆಕಟ್ಟು, ಬಾಳೆಹೊನ್ನೂರು, ಕಳಸ, ಮತ್ತೆ ಅದೇ ಕಾಡು. ಎರಡು ಬೆರಳುಗಳೂ ಕುದುರೆಮುಖದ ಬಳಿಯ ಗಂಗಾಮೂಲಕ್ಕೆ ಬಂದು ಸೇರುತ್ತವೆ. ಆ ಗುಡ್ಡಗಳ ಸಾಲಿನಲ್ಲೇ ಹುಟ್ಟುವ ಮೂರನೆಯ ನದಿ ನೇತ್ರಾವತಿ. ಅಕ್ಕತಂಗಿಯರು ಮೂವರಲ್ಲಿ ಇಬ್ಬರು ಪೂರ್ವಕ್ಕೆ ತಿರುಗಿ ನಮ್ಮ ಊರುಗಳಿಗೆ ಬಂದರು. ಒಬ್ಬಳು ಘಟ್ಟ ಇಳಿದು ಮಂಗಳೂರಿನಲ್ಲಿ ಸಮುದ್ರ ಸೇರಿದಳು. ಇಂದು ನಾನು ಮಾತನಾಡಲಿರುವುದು ಈ ಮೂರನೆಯವಳ ಊರಿನ ಬಗ್ಗೆ.

ಶಿವಮೊಗ್ಗ, ಭದ್ರಾವತಿಯ ಮಕ್ಕಳಿಗೆ ಮಂಗಳೂರಿನ ಕಥೆ ಏಕೆ ಎಂದು ನೀವು ಕೇಳಬಹುದು. ನಮ್ಮ ಕಡೆಯ ಯಾವ ಹಳ್ಳಿಯಲ್ಲಾದರೂ ಒಬ್ಬರಿಗೆ ದೊಡ್ಡ ಕಾಯಿಲೆಯಾದರೆ ಮನೆಯವರು ಮೊದಲು ಆಡುವ ಮಾತನ್ನು ನೆನಪಿಸಿಕೊಳ್ಳಿ. "ಮಣಿಪಾಲಕ್ಕೋ, ಮಂಗಳೂರಿಗೋ?" ಶಿವಮೊಗ್ಗದಿಂದ ಮಂಗಳೂರಿಗೆ ಸುಮಾರು ಇನ್ನೂರು ಕಿಲೋಮೀಟರ್. ನಡುವೆ ಘಟ್ಟ. ನೇರವಾದ ರೈಲಿಲ್ಲ. ಆದರೂ ನೋವು ಬಂದಾಗ ಕಾಲು ಆ ಕಡೆಗೇ ಹೊರಡುತ್ತದೆ. ಒಂದು ಬಂದರು ಪಟ್ಟಣ ಆಸ್ಪತ್ರೆಗಳ ಪಟ್ಟಣ ಆದದ್ದು ಹೇಗೆ, ಮತ್ತು ಅದು ಯಾರ ಪಟ್ಟಣ ಎಂಬ ಪ್ರಶ್ನೆಗೆ ಉತ್ತರ ಅಲ್ಲಿನ ಕಟ್ಟಡಗಳಲ್ಲೇ ಇದೆ. ಓದಿಕೊಳ್ಳಬೇಕು ಅಷ್ಟೆ.

ಹೆಸರಿನಿಂದ ಶುರು ಮಾಡೋಣ. ಕನ್ನಡದಲ್ಲಿ ಮಂಗಳೂರು, ಮಂಗಳಾದೇವಿಯ ಊರು. ಮಲಯಾಳದವರಿಗೆ ಮಂಗಲಾಪುರ. ಕೊಂಕಣಿಯವರಿಗೆ ಕೊಡಿಯಾಲ್. ಬ್ಯಾರಿಗಳಿಗೆ ಮೈಕಾಲ. ತುಳುವರಿಗೆ ಕುಡ್ಲ. ನೇತ್ರಾವತಿ ಮತ್ತು ಗುರುಪುರ ಹೊಳೆ, ಅಂದರೆ ಫಲ್ಗುಣಿ, ಕೂಡುವ ಜಾಗವಾದ್ದರಿಂದ ಕುಡ್ಲ ಎಂದು ಹೇಳುತ್ತಾರೆ. ನಮ್ಮ ಹೊಳೆಹೊನ್ನೂರಿನ ಹತ್ತಿರ ತುಂಗೆಯೂ ಭದ್ರೆಯೂ ಸೇರುವ ಊರಿಗೆ ಕೂಡಲಿ ಎಂಬ ಹೆಸರಿದೆಯಲ್ಲ, ಇದೂ ಅಂಥದೇ. ಒಂದು ಊರಿಗೆ ಐದು ಭಾಷೆಯಲ್ಲಿ ಐದು ಹೆಸರಿದ್ದರೆ ಅಲ್ಲಿಗೆ ಐದು ದಿಕ್ಕಿನಿಂದ ಜನ ಬಂದಿದ್ದಾರೆ ಎಂದೇ ಅರ್ಥ.

ವಿಚಿತ್ರವೆಂದರೆ, ಬಂದರಾಗಿ ಮಂಗಳೂರು ಅಷ್ಟೇನೂ ಒಳ್ಳೆಯ ಜಾಗವಲ್ಲ. ಎರಡು ನದಿಗಳು ಹೊತ್ತು ತಂದ ಮರಳು ಅಳಿವೆಯಲ್ಲಿ ದಿಬ್ಬ ಕಟ್ಟುತ್ತದೆ. ದಿಬ್ಬ ಒಂದೇ ಕಡೆ ನಿಲ್ಲುವುದೂ ಇಲ್ಲ. ದೊಡ್ಡ ಹಡಗು ಒಳಗೆ ಬರಲಾರದು. ದೂರದಲ್ಲಿ ಲಂಗರು ಹಾಕಿ ನಿಲ್ಲಬೇಕು, ಸರಕನ್ನು ದೋಣಿಗಳಲ್ಲಿ ಸಾಗಿಸಬೇಕು. ಮಳೆಗಾಲದ ತಿಂಗಳುಗಳಲ್ಲಿ ಅದೂ ಇಲ್ಲ, ಬಂದರೇ ಮುಚ್ಚುತ್ತಿತ್ತು. ಹೀಗಿದ್ದೂ ಹಡಗುಗಳು ಬಂದವು. ಕಾರಣ ಸಮುದ್ರದಲ್ಲಿರಲಿಲ್ಲ, ಘಟ್ಟದ ಮೇಲಿತ್ತು. ಮೆಣಸು, ಶುಂಠಿ, ಅಡಿಕೆ ಮಲೆನಾಡಿನಿಂದ ಇಳಿಯುತ್ತಿದ್ದವು. ಕರಾವಳಿಯ ಗದ್ದೆಗಳ ಅಕ್ಕಿ ಪಕ್ಕದಲ್ಲೇ ಸಿಗುತ್ತಿತ್ತು. ಹೇರೆತ್ತುಗಳು ಇಳಿಯುವಾಗ ಮೆಣಸು ತಂದರೆ ಹತ್ತುವಾಗ ಉಪ್ಪು, ಒಣಮೀನು ಒಯ್ದವು.

ಆರನೆಯ ಶತಮಾನದ ಗ್ರೀಕ್ ಪ್ರವಾಸಿ ಕಾಸ್ಮಸ್ ಮೆಣಸು ಸಾಗಿಸುವ ಬಂದರುಗಳನ್ನು ಹೆಸರಿಸುವಾಗ ಮಂಗರೂತ್ ಎಂಬುದನ್ನೂ ಸೇರಿಸುತ್ತಾನೆ. ಸುಮಾರು 1342ರಲ್ಲಿ ಬಂದ ಇಬ್ನ್ ಬತೂತ ಇನ್ನೂ ಸ್ವಾರಸ್ಯದ ಮಾತು ಹೇಳುತ್ತಾನೆ. ಪಾರಸ ಮತ್ತು ಯೆಮನ್ ದೇಶದ ವರ್ತಕರು ಇಲ್ಲಿ ಇಳಿಯುತ್ತಾರೆ. ಊರಿನಲ್ಲಿ ನಾಲ್ಕು ಸಾವಿರದಷ್ಟು ಮುಸಲ್ಮಾನರಿದ್ದಾರೆ. ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತದೆ. ವರ್ತಕರು ಬೇಕಾದ್ದರಿಂದ ಅರಸನೇ ನಡುವೆ ನಿಂತು ರಾಜಿ ಮಾಡಿಸುತ್ತಾನೆ. ಮಂಗಳೂರಿನ ಇಂದಿನ ಕೆಲವು ಸುದ್ದಿಗಳನ್ನು ಓದುವಾಗ ಏಳು ಶತಮಾನದ ಹಿಂದಿನ ಈ ಮಾತು ನೆನಪಾಗದೆ ಇರುವುದಿಲ್ಲ.

ಕದ್ರಿಯ ಗುಡ್ಡದ ಮೇಲಿನ ಮಂಜುನಾಥ ದೇವಾಲಯದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಅದರ ಪೀಠದ ಮೇಲಿನ ಶಾಸನದಲ್ಲಿ ಅಳುಪ ದೊರೆ ಕುಂದವರ್ಮನ ಹೆಸರಿದೆ. ಸುಮಾರು ಸಾವಿರ ವರ್ಷದ್ದು. ಬೌದ್ಧ, ನಾಥ, ಶೈವ ಎಲ್ಲ ಎಳೆಗಳೂ ಅಲ್ಲಿ ಹೆಣೆದುಕೊಂಡಿವೆ. ಕದ್ರಿಯೇ ಒಂದು ಪ್ರತ್ಯೇಕ ಭಾಷಣಕ್ಕೆ ವಸ್ತುವಾದ್ದರಿಂದ ಇಲ್ಲಿ ಮುಂದೆ ಹೋಗುತ್ತೇನೆ.

ಪೋರ್ಚುಗೀಸರ ಕಾಲದಲ್ಲಿ ನಮ್ಮ ಜಿಲ್ಲೆ ಈ ಕಥೆಯೊಳಕ್ಕೆ ನೇರವಾಗಿ ಪ್ರವೇಶಿಸುತ್ತದೆ. 1526ರಲ್ಲಿ ಅವರು ಮಂಗಳೂರಿನ ಮೇಲೆ ಬಿದ್ದರು. 1568ರಲ್ಲಿ ಕೋಟೆ ಕಟ್ಟಿದರು. ಇಂದಿನ ರೊಸಾರಿಯೋ ಚರ್ಚು ತನ್ನ ಹುಟ್ಟನ್ನು ಗುರುತಿಸಿಕೊಳ್ಳುವುದೂ ಅದೇ ವರ್ಷದಿಂದ. ನದಿಯ ಆಚೆ ದಡದ ಉಳ್ಳಾಲದಲ್ಲಿ ರಾಣಿ ಅಬ್ಬಕ್ಕ ಅವರನ್ನು ಎದುರಿಸಿ ನಿಂತ ಕಥೆ ನಿಮಗೆ ಗೊತ್ತು. ಪಾಠಗಳಲ್ಲಿ ಅಷ್ಟಾಗಿ ಬಾರದ ಸಂಗತಿ ಅಕ್ಕಿಯದು. ಗೋವೆಯ ಪೋರ್ಚುಗೀಸರ ಊಟದ ಅಕ್ಕಿ ಹೋಗುತ್ತಿದ್ದುದು ಕನ್ನಡ ಕರಾವಳಿಯಿಂದ. ಆ ಕರಾವಳಿಯ ಒಡೆತನ ಬರಬರುತ್ತಾ ಇಕ್ಕೇರಿಯವರ ಕೈಗೆ ಬಂತು. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಹುಟ್ಟಿ, ಇಕ್ಕೇರಿಯಲ್ಲಿ ಬೆಳೆದು, ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿ ನೆಲೆನಿಂತ ರಾಜ್ಯ ಅದು. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಗೋವೆಯ ರಾಯಭಾರಿಯ ಜೊತೆ ಹೊರಟು, ಹೊನ್ನಾವರ, ಗೇರುಸೊಪ್ಪೆಯ ದಾರಿಯಲ್ಲಿ ಘಟ್ಟ ಹತ್ತಿ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಅಲ್ಲಿಂದ ಮತ್ತೆ ಇಳಿದು ಬಸರೂರು, ಮಂಗಳೂರು ನೋಡಿದ. ಸಮುದ್ರದ ವ್ಯಾಪಾರದ ಮಾತು ಆಡಬೇಕಾದರೆ ಘಟ್ಟದ ಮೇಲಿನ ಊರಿಗೆ ಬರಬೇಕಾಗಿತ್ತು ಎಂಬುದನ್ನು ಗಮನಿಸಿ.

ಶಿವಪ್ಪ ನಾಯಕ 1645ರಿಂದ 1660ರವರೆಗೆ ಆಳಿದ. ಶಿವಮೊಗ್ಗದಲ್ಲಿ ಅವನ ಹೆಸರಿನ ಅರಮನೆಯನ್ನು ನೀವೆಲ್ಲ ನೋಡಿದ್ದೀರಿ. ಶಿಸ್ತಿನ ಶಿವಪ್ಪ ನಾಯಕ ಎಂದೊಡನೆ ನಮಗೆ ಕಂದಾಯದ ಲೆಕ್ಕ ನೆನಪಾಗುತ್ತದೆ. ಅವನು 1650ರ ದಶಕದ ಮೊದಲ ವರ್ಷಗಳಲ್ಲಿ ಹೊನ್ನಾವರ, ಗಂಗೊಳ್ಳಿ, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಗೆದ್ದುಕೊಂಡದ್ದೂ ಅಷ್ಟೇ ದೊಡ್ಡ ಸಂಗತಿ. ಕೆಳದಿಯವರಿಗೆ ತೀರ ಹತ್ತಿರದ ಬಂದರು ಕುಂದಾಪುರದ ಬಳಿಯ ಬಸರೂರಾಗಿತ್ತು, ಮಂಗಳೂರಲ್ಲ ಎಂಬುದನ್ನೂ ಹೇಳಿಬಿಡಬೇಕು. ಚೆನ್ನಮ್ಮನ ಕಾಲಕ್ಕೆ ಬರುವಷ್ಟರಲ್ಲಿ ಹಳೆಯ ವೈರಿಗಳೇ ಗಿರಾಕಿಗಳಾಗಿದ್ದರು. 1678ರ ಒಪ್ಪಂದದಲ್ಲಿ ಪೋರ್ಚುಗೀಸರಿಗೆ ಮಂಗಳೂರಿನಲ್ಲಿ ಕೋಠಿ ಇಟ್ಟುಕೊಂಡು ವ್ಯಾಪಾರ ಮಾಡಲು ಅವಕಾಶ ದೊರೆಯಿತು. ಮಿಲಾಗ್ರಿಸ್ ಚರ್ಚು 1680ರಲ್ಲಿ ಆರಂಭವಾದದ್ದು ಈ ಹಿನ್ನೆಲೆಯಲ್ಲಿ. ಮಂಗಳೂರಿನ ಚರ್ಚನ್ನು ನೋಡುವಾಗ ಬಿದನೂರಿನ ಸಂತೆ ನೆನಪಾಗಬೇಕು.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಬಿದನೂರಿನ ಬೀಗದ ಕೈಯ ಜೊತೆಗೇ ಮಂಗಳೂರೂ ಅವನ ಕೈಗೆ ಬಂತು. ಅಲ್ಲಿ ಹಡಗು ಕಟ್ಟಿಸಲು ತೊಡಗಿದ. ಇಂಗ್ಲಿಷರು 1768ರಲ್ಲಿ ಒಮ್ಮೆ ಹಿಡಿದು ಕಳೆದುಕೊಂಡರು. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಹೊಸಂಗಡಿಯ ದಾರಿಯಲ್ಲಿ ಘಟ್ಟ ಹತ್ತಿ ಬಿದನೂರನ್ನು ಹಿಡಿದ. ಟಿಪ್ಪು ಅದನ್ನು ಮರಳಿ ಗೆದ್ದು ಕೆಳಗಿಳಿದು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಆ ವರ್ಷದ ಮೇ ತಿಂಗಳಿಂದ ಮುಂದಿನ ಜನವರಿಯವರೆಗೆ ಕೋಟೆಯೊಳಗಿನ ಸೈನ್ಯ ಹಸಿವಿಗೂ ಕಾಯಿಲೆಗೂ ತುತ್ತಾಗುತ್ತಾ ಹೋಯಿತು. ಕೊನೆಗೆ 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಬೋಳೂರಿನಲ್ಲಿ ಗುರುಪುರ ಹೊಳೆಯ ದಡಕ್ಕೆ ಇಂದಿಗೂ ನಿಂತಿರುವ ಸುಲ್ತಾನ್ ಬತ್ತೇರಿ ಆ ಕಾಲದ್ದು. ಕಪ್ಪು ಕಲ್ಲಿನ ಪುಟ್ಟ ಕಾವಲು ಕಟ್ಟಡ. ಶತ್ರುವಿನ ಹಡಗು ನದಿಯೊಳಗೆ ನುಗ್ಗದಂತೆ ತೋಪು ಇಡಲು ಕಟ್ಟಿಸಿದ್ದು. ಅದೇ 1784ರಲ್ಲಿ ಕೆನರಾದ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು, ಉಳಿದವರು ಊರಿಗೆ ಮರಳಿದ್ದು 1799ರ ನಂತರ. ಇತಿಹಾಸ ಓದುವವರು ಬತ್ತೇರಿಯ ಕಲ್ಲನ್ನೂ ನೋಡಬೇಕು, ಈ ನಡಿಗೆಯನ್ನೂ ಮರೆಯಬಾರದು.

1799ರಲ್ಲಿ ಊರು ಕಂಪನಿ ಸರ್ಕಾರಕ್ಕೆ ಸೇರಿತು. 1837ರ ಏಪ್ರಿಲ್‌ನಲ್ಲಿ ಸುಳ್ಯ ಕಡೆಯಿಂದ ಬಂದ ರೈತರ ದಂಡು ಮಂಗಳೂರನ್ನೇ ಹಿಡಿದು ಹದಿಮೂರು ದಿನ ಆಳಿತು. ಅವರು ಬಾವುಟ ಹಾರಿಸಿದ ಗುಡ್ಡವೇ ಬಾವುಟಗುಡ್ಡೆ. ಈ ಅಮರ ಸುಳ್ಯ ದಂಗೆಯ ನಾಯಕರಲ್ಲಿ ಒಬ್ಬನಾದ ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆಯನ್ನು 2022ರಲ್ಲಿ ಅಲ್ಲಿ ನಿಲ್ಲಿಸಲಾಯಿತು.

ಈಗ ನಿಮ್ಮ ಅಜ್ಜಿಯ ಮನೆಗೆ ಬನ್ನಿ. ಮಾಡಿನ ಒಂದು ಹಳೆಯ ಹೆಂಚನ್ನು ಹಿರಿಯರ ಅಪ್ಪಣೆ ಪಡೆದು ಇಳಿಸಿ ತಿರುಗಿಸಿ ನೋಡಿ. ಒತ್ತಿದ ಅಕ್ಷರಗಳಲ್ಲಿ ಕಾರ್ಖಾನೆಯ ಹೆಸರು, ಅದರ ಕೆಳಗೆ ಮಂಗಳೂರು ಎಂದು ಇರುವ ಸಂಭವ ಹೆಚ್ಚು. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಮೊದಲು ಶಾಲೆ, ಆಮೇಲೆ ಅಚ್ಚುಕೂಟ, ಆಮೇಲೆ ನೇಯ್ಗೆ ಎಂದು ಒಂದೊಂದಾಗಿ ಶುರು ಮಾಡಿದರು. ಹರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ನದಿಗಳು ಅಳಿವೆಗೆ ತಂದ ಮರಳು ಹಡಗಿಗೆ ಶತ್ರುವಾದರೆ, ಅವೇ ನದಿಗಳ ದಡದ ಜೇಡಿಮಣ್ಣು ಹೆಂಚಿಗೆ ಬಂಡವಾಳವಾಯಿತು. ಹುಲ್ಲು ಹೊದಿಸಿದ ಮಲೆನಾಡಿನ ಮನೆಗಳ ಮೇಲೆ ಮಂಗಳೂರು ಹೆಂಚು ಬಂದದ್ದು ಹೀಗೆ.

ಆಸ್ಪತ್ರೆಗಳ ಕಥೆಗೆ ಹಂಪನಕಟ್ಟೆಯಿಂದ ಹೊರಡೋಣ. ಅಪ್ಪಣ್ಣ ಎಂಬವನು ಬಾಯಾರಿದವರಿಗೆ ನೀರು ಕೊಡುತ್ತಿದ್ದ ಕಟ್ಟೆ, ಅದೇ ಹಂಪನಕಟ್ಟೆಯಾಯಿತು ಎಂದು ಹೇಳುವುದುಂಟು. ಅಲ್ಲಿ ನಿಂತರೆ ನಡೆದು ಹೋಗುವಷ್ಟು ದೂರದಲ್ಲೇ 1868ರ ಸರ್ಕಾರಿ ಕಾಲೇಜು, ಮಿಲಾಗ್ರಿಸ್ ಚರ್ಚು, ಬಾವುಟಗುಡ್ಡೆ, ಸಂತ ಅಲೋಶಿಯಸ್ ಕಾಲೇಜು, ಹಳೆಯ ಬಂದರು, ರೈಲು ನಿಲ್ದಾಣ ಎಲ್ಲ ಇವೆ. ಎಲ್ಲಕ್ಕೂ ನಡುವೆ ಎರಡು ಸರ್ಕಾರಿ ಆಸ್ಪತ್ರೆಗಳು, ವೆನ್ಲಾಕ್ ಮತ್ತು ಲೇಡಿ ಗೋಷನ್. ವೆನ್ಲಾಕ್ ಆರಂಭವಾದದ್ದು 1848ರಲ್ಲಿ. 1891ರಿಂದ 1896ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕ್‌ನ ಹೆಸರು ಅದಕ್ಕೆ ಆಮೇಲೆ ಬಂತು. ಹೆಂಗಸರ ಮತ್ತು ಹೆರಿಗೆಯ ಆಸ್ಪತ್ರೆಗೆ ಇನ್ನೊಬ್ಬ ಗವರ್ನರನ ಹೆಂಡತಿ ಲೇಡಿ ಗೋಷನ್‌ಳ ಹೆಸರು. ಆ ಗವರ್ನರರು ಯಾರೆಂದು ಈಗ ಊರಿನಲ್ಲಿ ಯಾರಿಗೂ ಬೇಕಾಗಿಲ್ಲ. ತುಳುವಿನಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ "ವೆನ್ಲಾಕಿಗೆ ಹೋಗಿದ್ದೆ" ಎನ್ನುವಾಗ ಅದು ಇಂಗ್ಲಿಷ್ ದೊರೆಯ ಹೆಸರಾಗಿ ಉಳಿದಿಲ್ಲ.

ಬಂದರಿದ್ದ ಊರಿಗೆ ಆಸ್ಪತ್ರೆ ಬೇಗ ಬೇಕಾಗುತ್ತದೆ. ಹಡಗಿನಲ್ಲಿ ಬಟ್ಟೆಯ ಮೂಟೆ ಬರುವಂತೆ ಇಲಿಯೂ ಬರುತ್ತದೆ, ಇಲಿಯ ಮೈಮೇಲಿನ ಚಿಗಟವೂ ಬರುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹೊಸ ಶತಮಾನದ ಹೊತ್ತಿಗೆ ಕರಾವಳಿಗೆ ಬಂತು. 1902ರಲ್ಲಿ ಕಂಕನಾಡಿಯಲ್ಲಿ ಪ್ಲೇಗು ಪೀಡಿತರಿಗೆಂದೇ ಒಂದು ಆಸ್ಪತ್ರೆ ತೆರೆಯಿತು. ತೆರೆದವರು ಫಾದರ್ ಅಗಸ್ಟಸ್ ಮುಲ್ಲರ್, ಜರ್ಮನಿಯವರು, ಜೆಸುಯಿಟ್ ಪಂಥದ ಪಾದ್ರಿ. ಮಂಗಳೂರಿಗೆ ಬಂದದ್ದು ವೈದ್ಯರಾಗಿ ಅಲ್ಲ. 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಹೋಮಿಯೋಪಥಿ ಔಷಧ ತಿಳಿದಿತ್ತು. ಅದೇ ವರ್ಷ ಬಡವರಿಗೆ ಔಷಧ ಹಂಚಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಊರು ಊರೇ ಮುಟ್ಟಲು ಹೆದರುತ್ತಿದ್ದವರನ್ನು ಮೊದಲು ಒಳಗೆ ಕರೆದುಕೊಂಡ ಆಸ್ಪತ್ರೆ ಅದು. 1910ರಲ್ಲಿ ಅವರು ತೀರಿಕೊಂಡರು. ಇಂದಿನ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜಿನ ಭಾರಿ ಕಟ್ಟಡಗಳ ಎದುರು ನಿಂತಾಗ, ಎಲ್ಲಕ್ಕೂ ಮೊದಲು ಅಲ್ಲಿದ್ದದ್ದು ಪಾಠದ ಮೇಷ್ಟರೊಬ್ಬರ ಔಷಧದ ಪೆಟ್ಟಿಗೆ ಎಂದು ನಂಬುವುದು ಕಷ್ಟ. ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಮಾಡುಗಳ ತುಂಬ ಇಟಲಿಯ ಅಂತೋನಿಯೋ ಮೊಸ್ಕೇನಿ ಚಿತ್ರ ಬರೆದದ್ದೂ ಆ ಕಾಲದಲ್ಲೇ, 1899ರಿಂದ 1901ರ ನಡುವೆ. ಪ್ರವಾಸ ಹೋದವರು ಚಿತ್ರ ನೋಡಿ ಬರುತ್ತಾರೆ. ಕಂಕನಾಡಿಯನ್ನೂ ನೋಡಿ ಬರಬೇಕು.

ಮಂಗಳೂರನ್ನು ನಿಜವಾಗಿ ವೈದ್ಯರ ಊರನ್ನಾಗಿ ಮಾಡಿದ್ದು ಸ್ವಾತಂತ್ರ್ಯಾನಂತರದ ಒಂದು ಒಪ್ಪಂದ. 1953ರಲ್ಲಿ ಡಾ. ಟಿ. ಎಂ. ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದರು. ಸರ್ಕಾರದ ಹಣವಿಲ್ಲದೆ, ವಿದ್ಯಾರ್ಥಿಗಳ ಹಣದಿಂದ ನಡೆಯುವ ಖಾಸಗಿ ವೈದ್ಯಕೀಯ ಕಾಲೇಜು ದೇಶದಲ್ಲಿ ಅದೇ ಮೊದಲು. ಶವ ಕೊಯ್ದು ಕಲಿಯುವ ಪಾಠವೇನೋ ಗುಡ್ಡದ ಮೇಲೆ ನಡೆದೀತು. ಜೀವಂತ ರೋಗಿಗಳ ಮಗ್ಗುಲಲ್ಲಿ ನಿಂತು ಕಲಿಯಲು ದೊಡ್ಡ ಆಸ್ಪತ್ರೆ ಬೇಕಲ್ಲ? ಅದು ಮಂಗಳೂರಿನಲ್ಲಿತ್ತು. ಅಂದಿನ ಮದರಾಸು ಸರ್ಕಾರ ವೆನ್ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳನ್ನು ಕಾಲೇಜಿನ ಕಲಿಕೆಗೆ ತೆರೆದುಕೊಟ್ಟಿತು. 1955ರಿಂದ ಮಂಗಳೂರಿನಲ್ಲಿ ಪಾಠ ನಡೆಯತೊಡಗಿತು. ಸರ್ಕಾರಿ ಆಸ್ಪತ್ರೆಗೆ ನುರಿತ ವೈದ್ಯರು ಸಿಕ್ಕರು. ಖಾಸಗಿ ಕಾಲೇಜಿಗೆ ರೋಗಿಗಳು ಸಿಕ್ಕರು. ಬಡವನಿಗೆ, ದುಡ್ಡು ಕೊಡದೆ, ಪ್ರಾಧ್ಯಾಪಕರ ಕೈಯ ಚಿಕಿತ್ಸೆ ಸಿಕ್ಕಿತು.

ಇದು ಒಳ್ಳೆಯ ವ್ಯವಹಾರವೇ ಆಗಿತ್ತು ಎಂದು ನನ್ನ ಅಭಿಪ್ರಾಯ. ಆದರೆ ಅದಕ್ಕೊಂದು ಬೆಲೆಯೂ ಇತ್ತು. ಆಮೇಲೆ ಒಂದರ ಹಿಂದೆ ಒಂದು ಖಾಸಗಿ ವೈದ್ಯಕೀಯ ಕಾಲೇಜುಗಳು ಮಂಗಳೂರಿನಲ್ಲೂ ದೇರಳಕಟ್ಟೆಯಲ್ಲೂ ಎದ್ದವು. ಕೇರಳ, ಉತ್ತರ ಭಾರತ, ಮಲೇಶಿಯಾಗಳಿಂದ ಮಕ್ಕಳು ಬಂದರು. ಹಿಂದೆ ಮೆಣಸು ಕೊಳ್ಳಲು ಜನ ಬಂದಂತೆ ಈಗ ವಿದ್ಯೆ ಕೊಳ್ಳಲು ಬಂದರು. ಇಷ್ಟಿದ್ದೂ ಮಂಗಳೂರು ನಗರದಲ್ಲಿ ಸರ್ಕಾರದ್ದೇ ಆದ ವೈದ್ಯಕೀಯ ಕಾಲೇಜು ಒಂದೂ ಏಳಲಿಲ್ಲ. ಅಷ್ಟು ಶ್ರೀಮಂತವಲ್ಲದ ನಮ್ಮ ಶಿವಮೊಗ್ಗದಲ್ಲಿ ಈ ಶತಮಾನದ ಮೊದಲ ದಶಕದಲ್ಲೇ ಮೆಗ್ಗಾನ್ ಆಸ್ಪತ್ರೆಯ ಜೊತೆಗೆ ಸರ್ಕಾರಿ ಕಾಲೇಜು ಬಂತು. ನಿಮ್ಮಲ್ಲಿ ವೈದ್ಯರಾಗಬೇಕೆಂದಿರುವವರಿಗೆ ಈ ವ್ಯತ್ಯಾಸ ಎಷ್ಟು ಲಕ್ಷದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಭದ್ರಾವತಿಯವರು ಇನ್ನೊಂದು ಮಾದರಿಯನ್ನು ಬಲ್ಲಿರಿ. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಕಾರ್ಖಾನೆ ತನ್ನ ಕೆಲಸಗಾರರಿಗೆ ಮನೆ, ಶಾಲೆ, ಆಸ್ಪತ್ರೆ ಎಲ್ಲ ಕಟ್ಟಿಕೊಟ್ಟಿತು. ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಊರು ಬೀದಿಗಿಳಿದದ್ದು ಸಂಬಳಕ್ಕಾಗಿ ಮಾತ್ರ ಅಲ್ಲ. ಒಬ್ಬನೇ ಯಜಮಾನನಿರುವ ಊರಿನಲ್ಲಿ ಆಸ್ಪತ್ರೆಗೂ ಅವನ ಆಯಸ್ಸೇ ಆಯಸ್ಸು.

ಭದ್ರಾವತಿಯ ಮಾತು ಬಂದದ್ದರಿಂದ ಹೊಸ ಬಂದರಿನ ವಿಷಯವನ್ನೂ ಹೇಳಿಬಿಡುತ್ತೇನೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಹಳೆಯ ಮೈಸೂರಿಗೆ ಸಮುದ್ರತೀರವೇ ಇರಲಿಲ್ಲ. ಭಟ್ಕಳದಲ್ಲಾದರೂ ಒಂದು ಬಂದರು ಬೇಕೆಂದು ವಿಶ್ವೇಶ್ವರಯ್ಯನವರು ಹಂಬಲಿಸಿದ್ದುಂಟು. ರಾಜ್ಯ ಒಂದಾದ ಮೇಲೆ ಆ ಕನಸು ಮಂಗಳೂರಿನ ಉತ್ತರಕ್ಕೆ ಪಣಂಬೂರಿನಲ್ಲಿ ನನಸಾಯಿತು. ಅಳಿವೆಯ ಮರಳಿನ ಗೊಡವೆಯೇ ಬೇಡವೆಂದು ದಡವನ್ನೇ ಅಗೆದು ಹಡಗಿಗೆ ಜಾಗ ಮಾಡಿದರು. 1974ರ ಮೇ 4ರಂದು ಅದು ದೇಶದ ಒಂಬತ್ತನೆಯ ಪ್ರಮುಖ ಬಂದರು ಎನಿಸಿತು; 1975ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಬಾಬಾಬುಡನ್ ಬೆಟ್ಟದ ಅದಿರು ಭದ್ರಾವತಿಗೆ ಬಂದಿತ್ತು. ಕುದುರೆಮುಖದ ಅದಿರು ಪುಡಿಯಾಗಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಯಿತು. ಅದಿರು ಪಶ್ಚಿಮಕ್ಕೆ ಹೋಯಿತು. ಗಣಿಯ ಹೂಳು ಭದ್ರೆಯಲ್ಲಿ ಪೂರ್ವಕ್ಕೆ, ನಮ್ಮ ಅಣೆಕಟ್ಟಿನ ಕಡೆಗೆ ಬಂತು. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಹಳೆಯ ಬಂದರು ಮಾತ್ರ ಇಂದಿಗೂ ಸತ್ತಿಲ್ಲ. ಧಕ್ಕೆಯಲ್ಲಿ ಮೀನಿನ ದೋಣಿಗಳ ಪಕ್ಕದಲ್ಲೇ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಹೇರಿಕೊಳ್ಳುವ ಮಂಜಿಗಳು ನಿಂತಿರುತ್ತವೆ. ಆ ದ್ವೀಪಗಳಲ್ಲಿ ಅಮೀನ್‌ದೀವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು.

ಊರು ಬೆಳೆದಂತೆ ರೋಗವೂ ಹೊಸ ವೇಷ ಹಾಕಿತು. 1990ರ ಸುಮಾರಿನಿಂದ ಮಂಗಳೂರಿನಲ್ಲಿ ಮಲೇರಿಯ ಮತ್ತೆ ತಲೆಯೆತ್ತಿತು. ಗದ್ದೆ, ಕಾಡಿನಿಂದ ಬಂದದ್ದಲ್ಲ. ಬಹುಮಹಡಿ ಕಟ್ಟಡ ಕಟ್ಟುವಾಗ ತಾರಸಿಯ ಮೇಲೆ, ತೊಟ್ಟಿಯೊಳಗೆ ನಿಲ್ಲುವ ನೀರಿನಲ್ಲಿ ಸೊಳ್ಳೆ ಬೆಳೆಯಿತು. ಘಟ್ಟದ ಮೇಲಿನಿಂದಲೂ ಒಂದು ರೋಗ ಇಳಿಯಿತು. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುವುದರೊಂದಿಗೆ ಗೊತ್ತಾದ ಮಂಗನ ಕಾಯಿಲೆ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆ ಕಾಣಿಸಿಕೊಂಡಿತು. ಮೆಣಸು ಇಳಿದ ದಾರಿ ಉಣ್ಣೆಗೂ ದಾರಿಯೇ.

ಈಗ ಮೊದಲಿಗೆ ಕೇಳಿದ ಪ್ರಶ್ನೆಗೆ ಬರುತ್ತೇನೆ. ಈ ಪಟ್ಟಣ ಯಾರದು? ಸುಮಾರು 900 ಹಾಸಿಗೆಗಳ ವೆನ್ಲಾಕಿಗೆ ದಕ್ಷಿಣ ಕನ್ನಡ, ಉಡುಪಿಯವರಷ್ಟೇ ಬರುವುದಿಲ್ಲ. ಕೊಡಗು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದವರೂ ಬರುತ್ತಾರೆ, ಕಾಸರಗೋಡಿನವರೂ ಬರುತ್ತಾರೆ. ಕಾಸರಗೋಡು 1956ರವರೆಗೆ ಇದೇ ಜಿಲ್ಲೆಯ ತಾಲ್ಲೂಕು. ರಾಜ್ಯ ಬೇರೆಯಾದರೂ ಅಲ್ಲಿನ ರೋಗಿಗೆ ತಿರುವನಂತಪುರ ದೂರ, ಮಂಗಳೂರು ಹತ್ತಿರ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ತಲಪಾಡಿಯಲ್ಲಿ ಗಡಿ ಮುಚ್ಚಿತು. ರಸ್ತೆಗಳಿಗೆ ಮಣ್ಣು ಸುರಿದರು. ಸೋಂಕು ಒಳಗೆ ಬಾರದಿರಲೆಂಬ ಭಯ ಸುಳ್ಳಾಗಿರಲಿಲ್ಲ. ಆದರೆ ಹೃದಯದ ಕಾಯಿಲೆಯವರು, ಮೂತ್ರಪಿಂಡದ ಕಾಯಿಲೆಯವರು ಆಂಬುಲೆನ್ಸಿನಲ್ಲೇ ಹಿಂದಿರುಗಬೇಕಾಯಿತು. ಚಿಕಿತ್ಸೆ ಸಿಗದೆ ಸತ್ತವರೂ ಇದ್ದರು. ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೆ, ಅಲ್ಲಿಂದ ದೆಹಲಿಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಏಪ್ರಿಲ್‌ನಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಡಲಾಯಿತು. ಬಂದವನು ಯಾವ ಊರಿನವನು ಎಂದು ಮುಲ್ಲರ್ ಪಾದ್ರಿ ಕಂಕನಾಡಿಯಲ್ಲಿ ಕೇಳಿದ್ದರೆ ಈ ಊರು ಆಸ್ಪತ್ರೆಗಳ ಊರಾಗುತ್ತಿರಲಿಲ್ಲ ಎಂದು ನನಗೆ ಆಗ ಅನ್ನಿಸಿತ್ತು.

ನಮಗೂ ಒಂದು ತಲಪಾಡಿ ಇದೆ. ಅದು ಆಗುಂಬೆ. ಹದಿನಾಲ್ಕು ತಿರುವುಗಳ ಆ ಘಾಟಿಯಲ್ಲಿ ಮಳೆಗಾಲದಲ್ಲಿ ಗುಡ್ಡ ಜರಿದರೆ ದೊಡ್ಡ ವಾಹನಗಳನ್ನು ನಿಲ್ಲಿಸುತ್ತಾರೆ. ಆಗ ತೀರ್ಥಹಳ್ಳಿಯ ರೋಗಿ ಸುತ್ತು ದಾರಿ ಹಿಡಿಯಬೇಕು, ಇಲ್ಲವೆ ಶಿವಮೊಗ್ಗಕ್ಕೇ ಬರಬೇಕು. ಅಷ್ಟೇ ಅಲ್ಲ, ಮಂಗಳೂರಿಗೂ ತನ್ನ ಮೇಲೊಂದು ಊರಿದೆ. 2020ರ ಫೆಬ್ರುವರಿಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಗಾಗಿ ನಲವತ್ತು ದಿನದ ಕೂಸೊಂದನ್ನು ಮಂಗಳೂರಿನಿಂದ ಬೆಂಗಳೂರಿಗೆ ಆಂಬುಲೆನ್ಸಿನಲ್ಲಿ ನಾಲ್ಕೂವರೆ ಗಂಟೆಯೊಳಗೆ ಮುಟ್ಟಿಸಿದರು. ದಾರಿಯುದ್ದಕ್ಕೂ ಊರೂರಿನ ಜನ ಬೀದಿಗೆ ಬಂದು ವಾಹನಗಳನ್ನು ತಡೆದು ದಾರಿ ತೆರವು ಮಾಡಿಕೊಟ್ಟರು.

ಮುಂದಿನ ಸಲ ಕಾಲೇಜಿನ ಪ್ರವಾಸ ಮಂಗಳೂರಿಗೆ ಹೋದರೆ ಪಣಂಬೂರಿನ ಕಡಲತೀರಕ್ಕೆ, ಕುದ್ರೋಳಿಯ ಗೋಕರ್ಣನಾಥನಿಗೆ, ಬತ್ತೇರಿಗೆ ಹೇಗೂ ಹೋಗುತ್ತೀರಿ. ಹಂಪನಕಟ್ಟೆಯಲ್ಲಿ ಅರ್ಧ ಗಂಟೆ ಹೆಚ್ಚು ಕೇಳಿಕೊಳ್ಳಿ. ವೆನ್ಲಾಕಿನ ಹೊರಗೆ, ಯಾರಿಗೂ ಅಡ್ಡಿಯಾಗದಂತೆ, ಔಷಧದ ಚೀಟಿ ಹಿಡಿದು ಕಾಯುತ್ತಿರುವವರ ಪಕ್ಕದಲ್ಲಿ ಸುಮ್ಮನೆ ನಿಂತುಕೊಳ್ಳಿ. ತುಳು ಕೇಳಿಸುತ್ತದೆ. ಬ್ಯಾರಿ, ಕೊಂಕಣಿ, ಮಲಯಾಳ, ಕೊಡವ ಕೇಳಿಸುತ್ತವೆ. ಸ್ವಲ್ಪ ಹೊತ್ತು ತಾಳಿದರೆ ನಮ್ಮ ಘಟ್ಟದ ಮೇಲಿನ ಕನ್ನಡವೂ ಕೇಳಿಸೀತು. "ಯಾವ ಊರಾಯ್ತು?" ಎಂದು ವಿಚಾರಿಸಿ. ಹೊಸನಗರದವರೋ ತೀರ್ಥಹಳ್ಳಿಯವರೋ ಇದ್ದಾರು. ಅವರಿಗೆ ಒಂದು ಚಹಾ ತಂದುಕೊಟ್ಟು, ಊರಿಗೆ ಏನಾದರೂ ಸುದ್ದಿ ಮುಟ್ಟಿಸುವುದಿದೆಯೇ ಎಂದು ಕೇಳಿ ಬನ್ನಿ.